ಹಳೆಯ ಮಸಲ್ ಕಾರು ಗಟ್ಟಿ, ಆದ್ದರಿಂದ ಸೇಫ್? ಮೊದಲ ಕಾರಾಗಿ ಕೊಳ್ಳುವ ಮುನ್ನ ಇದನ್ನು ಓದಿ

ಸಂಕ್ಷಿಪ್ತವಾಗಿ

1960ರ ದಶಕದ ಅಮೆರಿಕನ್ ಮಸಲ್ ಕಾರುಗಳ ವಿಡಿಯೊ ಜೊತೆ ಒಂದು ಮಾತು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗಿನ ಕಾರಿನ ತಗಡು ದಪ್ಪ, ಗುದ್ದಿದರೂ ಒಳಗಿದ್ದವರಿಗೆ ಏನೂ ಆಗುತ್ತಿರಲಿಲ್ಲ, ಈಗಿನವು ಬರೀ ಪ್ಲಾಸ್ಟಿಕ್ ಡಬ್ಬ ಎಂಬುದು ಅದರ ಸಾರ. ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಬಗ್ಗೆಯೂ ಇದೇ ಮಾತಿದೆ.

ತಗಡು ದಪ್ಪ ಇದ್ದದ್ದು ನಿಜ. ಆದರೆ ಒಳಗೆ ಕೂತವರನ್ನು ಕಾಪಾಡುವುದು ಅದಲ್ಲ. ಆಗತಾನೇ ಲೈಸೆನ್ಸ್ ಪಡೆದವರು ಇಂಥ ಕಾರನ್ನು ದಿನಬಳಕೆಯ ಮೊದಲ ಕಾರಾಗಿ ಕೊಳ್ಳುವುದು ಅಪಾಯಕಾರಿ. ಮನೆಯಲ್ಲಿ ಇನ್ನೊಂದು ಆಧುನಿಕ ಕಾರಿದ್ದು, ಇದನ್ನು ಹವ್ಯಾಸಕ್ಕೆ ಮಾತ್ರ ಇಟ್ಟುಕೊಂಡರೆ ಮಾತು ಬೇರೆ. ಆಗಲೂ ಹಣ ಮೊದಲು ಹೋಗಬೇಕಾದದ್ದು ಎಂಜಿನ್‌ಗೆ ಅಲ್ಲ. ಬ್ರೇಕ್, ಬೆಲ್ಟ್ ಮತ್ತು ಟೈರುಗಳಿಗೆ.

ಮಸಲ್ ಕಾರು ಎಂದರೆ ಯಾವುದು?

ಮಧ್ಯಮ ಗಾತ್ರದ ಸಾಮಾನ್ಯ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ, ಯುವಕರ ಕೈಗೆಟುಕುವ ಬೆಲೆಗೆ ಮಾರಿದ್ದೇ ಮಸಲ್ ಕಾರು. ಹೆಚ್ಚಿನವರು ಇದರ ಆರಂಭವನ್ನು 1964ರ ಪಾಂಟಿಯಾಕ್ ಜಿಟಿಒ ಜೊತೆ ಗುರುತಿಸುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂಬ ನಿಯಮ ಜನರಲ್ ಮೋಟರ್ಸ್ ಒಳಗೇ ಇತ್ತು. ಪಾಂಟಿಯಾಕ್‌ನವರು 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ‘ಹೆಚ್ಚುವರಿ ಆಯ್ಕೆ’ ಎಂದು ತೋರಿಸಿ ಆ ನಿಯಮದಿಂದ ನುಣುಚಿಕೊಂಡರು. ನಂತರ ಷೆವರ್ಲೆ ಶೆವೆಲ್ ಎಸ್‌ಎಸ್, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಬಂದವು. 1964ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್ ಅನ್ನು ಬಲ್ಲವರು ‘ಪೋನಿ ಕಾರು’ ಎನ್ನುತ್ತಾರೆ. ಆದರೆ ಕೊಳ್ಳುವವರ ಸಮಸ್ಯೆಗಳು ಎರಡರಲ್ಲೂ ಒಂದೇ.

‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಸಿನಿಮಾದ 1970ರ ಚಾರ್ಜರ್ ನೋಡಿ ಆಸೆಪಟ್ಟವರು ನಮ್ಮಲ್ಲೂ ಕಡಿಮೆಯಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇದು ಬರೀ ಆಸೆಯಲ್ಲ, ನಿಜವಾದ ಪ್ರಶ್ನೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ 16ನೇ ವಯಸ್ಸಿಗೇ ಮಕ್ಕಳು ಕಾರು ಓಡಿಸುತ್ತಾರೆ.

ಹೇಳಿಕೆ 1: ಹಳೆ ಕಾರು ಗಟ್ಟಿ, ಆದ್ದರಿಂದ ಸುರಕ್ಷಿತ

ಇದು ತಪ್ಪು. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್, 2009ರಲ್ಲಿ ತನ್ನ 50ನೇ ವರ್ಷದ ನೆಪದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿತು. 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿಸಿತು. ಬೆಲ್ ಏರ್‌ನ ಚಾಲಕ ಕೂರುವ ಜಾಗವೇ ಕುಸಿದುಹೋಯಿತು. ಅದರಲ್ಲಿ ಮನುಷ್ಯ ಇದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗೆ ಕಾಲಿಗೆ ಸಣ್ಣ ಪೆಟ್ಟಾಗುವಷ್ಟೇ ಹೊಡೆತ ಬಿತ್ತು. ಹಳೆ ಕಾರಿನ ಎಂಜಿನ್ ತೆಗೆದು ಮೋಸ ಮಾಡಿದ್ದರು ಎಂಬ ಕಾಮೆಂಟ್ ಆ ವಿಡಿಯೊ ಕೆಳಗೆ ಕಾಣಬಹುದು. ಅದೂ ನಿಜವಲ್ಲ, ಕಾರಿನಲ್ಲಿ ಆರು ಸಿಲಿಂಡರಿನ ಎಂಜಿನ್ ಇತ್ತು.

ಬೆಲ್ ಏರ್ ಮಸಲ್ ಕಾರಲ್ಲ. 1960ರ ದಶಕದ ಕೊನೆಯ ಕಾರುಗಳು ಅದಕ್ಕಿಂತ ಸ್ವಲ್ಪ ಮೇಲು. ಆದರೆ ಮುಂಭಾಗ ಲೆಕ್ಕಾಚಾರದಿಂದ ಮಡಚಿಕೊಂಡು ಕೂರುವ ಜಾಗ ಗಟ್ಟಿಯಾಗಿ ಉಳಿಯುವ ಈಗಿನ ವಿನ್ಯಾಸ ಅವುಗಳಲ್ಲೂ ಇಲ್ಲ.

ಮಡಚಿಕೊಳ್ಳುವುದೇ ಏಕೆ ಒಳ್ಳೆಯದು?

ಗುದ್ದಿದಾಗ ಕಾರಿನ ಜೊತೆ ನಿಮ್ಮ ದೇಹವೂ ನಿಲ್ಲಬೇಕು. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಹೊಡೆತ ನಿಂತಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿರುವ ದೇಹ 20 ಸೆಂ.ಮೀ. ಅಂತರದಲ್ಲಿ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ ಸುಮಾರು 80 ಪಟ್ಟು. ಅದೇ ದೇಹ 60 ಸೆಂ.ಮೀ. ಅಂತರದಲ್ಲಿ ನಿಂತರೆ ಸುಮಾರು 27 ಪಟ್ಟು. ಬಾನೆಟ್ ನಜ್ಜುಗುಜ್ಜಾಗಿ, ಬೆಲ್ಟ್ ಹಿಡಿದು, ಏರ್‌ಬ್ಯಾಗ್ ಉಬ್ಬಿ ಕೊಡಿಸುವುದು ಆ ಹೆಚ್ಚಿನ ಅಂತರವನ್ನೇ. ಕಾರು ಮಡಚಿಕೊಳ್ಳದಿದ್ದರೆ ಆ ಹೊಡೆತ ಒಳಗಿದ್ದವರ ಎದೆ, ತಲೆಗೆ ಬೀಳುತ್ತದೆ.

ಯಾವ ವರ್ಷದ ಕಾರಿನಲ್ಲಿ ಏನಿರುವುದಿಲ್ಲ?

ಅಮೆರಿಕದ ನಿಯಮಗಳ ಪ್ರಕಾರ ಕಾರಿನ ವರ್ಷ ನೋಡಿಯೇ ಇದನ್ನು ಹೇಳಬಹುದು.

• 1967ರ ಮಾಡೆಲ್‌ಗಿಂತ ಹಳೆಯವುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಆಯಿಲ್‌ನ ದಾರಿ ಒಂದೇ. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.
• ಡಿಕ್ಕಿಯಲ್ಲಿ ಒಳಕ್ಕೆ ಕುಸಿದು ಚಾಲಕನ ಎದೆ ಉಳಿಸುವ ಸ್ಟೀರಿಂಗ್ ದಂಡ ಮತ್ತು ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯವಾದದ್ದು 1968ರ ಜನವರಿಯಿಂದ. ತೆರೆದ ಮೇಲ್ಛಾವಣಿಯ ಕಾರುಗಳಿಗೆ ಭುಜದ ಬೆಲ್ಟ್‌ನಿಂದ ವಿನಾಯಿತಿ ಇತ್ತು.
• ಕುತ್ತಿಗೆ ಉಳಿಸುವ ಹೆಡ್‌ರೆಸ್ಟ್ ಕಡ್ಡಾಯವಾದದ್ದು 1969ರ ಜನವರಿಯಿಂದ.
• ಏರ್‌ಬ್ಯಾಗ್ ಮತ್ತು ಗಾಡಿ ಜಾರಿದಾಗ ತಾನೇ ಹಿಡಿತಕ್ಕೆ ತರುವ ಇಎಸ್‌ಸಿ ಯಾವ ಹಳೆ ಮಸಲ್ ಕಾರಿನಲ್ಲೂ ಇಲ್ಲ. ಅಮೆರಿಕದಲ್ಲಿ ಇಎಸ್‌ಸಿ ಎಲ್ಲ ಕಾರಿಗೂ ಕಡ್ಡಾಯವಾದದ್ದು 2012ರ ಮಾಡೆಲ್‌ನಿಂದ.

ಇದರ ಮೇಲೆ ಹಲವು ಕಾರುಗಳಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕ್. ಮತ್ತೆ ಮತ್ತೆ ಒತ್ತಿದಾಗ ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗ್‌ನ ಹಿಡಿತ ಕುಗ್ಗುತ್ತದೆ. ಇಳಿಜಾರಿನಲ್ಲಿ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲದ ಸ್ಥಿತಿ ಬರಬಹುದು.

ಯುವ ಚಾಲಕರಿಗೆ ಅಪಾಯ ಏಕೆ ಹೆಚ್ಚು?

ಅಮೆರಿಕದಲ್ಲಿ 16ರಿಂದ 19 ವಯಸ್ಸಿನ ಚಾಲಕರ ಮಾರಣಾಂತಿಕ ಅಪಘಾತದ ದರ, ಓಡಿಸಿದ ಪ್ರತಿ ಮೈಲಿಯ ಲೆಕ್ಕದಲ್ಲಿ, 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು. ಹೊಸ ಚಾಲಕರಿಗೆ ಹೆಚ್ಚು ಶಕ್ತಿಯ ಎಂಜಿನ್ ಬೇಡ, ಇಎಸ್‌ಸಿ ಇರಲೇಬೇಕು, ಡಿಕ್ಕಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಇರಬೇಕು ಎಂಬುದು ಐಐಎಚ್‌ಎಸ್ ಸಲಹೆ. ಮಸಲ್ ಕಾರು ಈ ಮೂರಕ್ಕೂ ವಿರುದ್ಧ. ಹಿಂದಿನ ಚಕ್ರಕ್ಕೆ ಹೋಗುವ ಭಾರೀ ಶಕ್ತಿ, ಮುಂದೆ ಭಾರದ ಎಂಜಿನ್, ಒದ್ದೆ ರಸ್ತೆ, ಜೊತೆಗೆ ಅನುಭವವಿಲ್ಲದ ಪಾದ ಸೇರಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುವುದು ಬಲು ಸುಲಭ.

ಹೇಳಿಕೆ 2: ಆಗಿನ ಹಾರ್ಸ್‌ಪವರ್ ಈಗಿನದಕ್ಕೆ ಸಮ

ಸಮವಲ್ಲ. 1971ರವರೆಗೆ ಹೆಚ್ಚಾಗಿ ಪ್ರಕಟಿಸುತ್ತಿದ್ದದ್ದು ‘ಗ್ರಾಸ್’ ಶಕ್ತಿ. ಅಂದರೆ ಕಾರಿನ ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದವು ಇಲ್ಲದೆ ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು ಅಳೆದದ್ದು. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯುವ ‘ನೆಟ್’ ಲೆಕ್ಕ ಬಂತು. ಷೆವರ್ಲೆ ಕಾರ್ವೆಟ್‌ನ 454 ಘನ ಇಂಚಿನ ಎಂಜಿನ್ 1971ರಲ್ಲಿ 365 ಎಚ್‌ಪಿ, 1972ರಲ್ಲಿ 270 ಎಚ್‌ಪಿ ಎಂದು ದಾಖಲಾಯಿತು. ಈ ಇಳಿಕೆಯ ಬಹುಪಾಲು ಅಳತೆಯ ಬದಲಾವಣೆಯೇ ಹೊರತು ಎಂಜಿನ್ ಸೊರಗಿದ್ದಲ್ಲ. ಜಾಹೀರಾತಿನ ಅಂಕಿಗೆ ಹೆಚ್ಚು ದುಡ್ಡು ಕೊಡುವ ಮುನ್ನ ಇದು ನೆನಪಿರಲಿ.

ಹೇಳಿಕೆ 3: ನಂಬರ್ ಹೊಂದಿದರೆ ಕಾರು ಅಸಲಿ

ಅಷ್ಟು ಸರಳವಲ್ಲ. ಈಗ ಕಾರಿನ ಗುರುತಿಗೆ ಬಳಸುವ 17 ಅಕ್ಷರಗಳ ವಿಐಎನ್ ಬಂದದ್ದು 1981ರ ಮಾಡೆಲ್‌ನಿಂದ. ಅದಕ್ಕೂ ಮುಂಚೆ ಒಂದೊಂದು ಕಂಪನಿಯದು ಒಂದೊಂದು ಕ್ರಮ. 1966ರಿಂದ 1971ರವರೆಗಿನ ಜಿಟಿಒ ನಂಬರ್ 242ರಿಂದ ಶುರುವಾಗುತ್ತದೆ, ಆದ್ದರಿಂದ ಪತ್ತೆ ಸುಲಭ. 1964 ಮತ್ತು 1965ರಲ್ಲಿ ಜಿಟಿಒ ಬರೀ ಆಯ್ಕೆಯಾಗಿತ್ತು. ಹಾಗಾಗಿ ವಿಐಎನ್ ನೋಡಿ ಅದು ಅಸಲಿಯೋ, ಸಾಮಾನ್ಯ ಕಾರಿಗೆ ಬ್ಯಾಡ್ಜ್ ಅಂಟಿಸಿದ್ದೋ ಎಂದು ಹೇಳಲಾಗದು. ಎಂಜಿನ್ ಮೇಲಿನ ನಂಬರನ್ನು ಉಜ್ಜಿ ಹೊಸದಾಗಿ ಒತ್ತುವವರೂ ಇದ್ದಾರೆ.

ಇಲ್ಲಿ ನೆರವಾಗುವುದು ಕಾರ್ಖಾನೆಯ ಕಾಗದ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಮೂಲ ಬಿಲ್‌ನ ಪ್ರತಿ ಕೊಡುತ್ತದೆ. ಮಾರ್ಟಿ ಆಟೋ ವರ್ಕ್ಸ್ ಬಳಿ ಫೋರ್ಡ್‌ನ 1967ರ ನಂತರದ ಉತ್ಪಾದನಾ ದಾಖಲೆಗಳಿವೆ. ಇನ್ನೊಂದು ಮಾತು: ಓಡಿಸಿ ಸಂತೋಷಪಡುವ ಉದ್ದೇಶವಿದ್ದರೆ ನಕಲು ಎಂದು ಹೇಳಿಯೇ ಮಾರುವ ಕಾರು ಕೆಟ್ಟದ್ದಲ್ಲ. ನಕಲಿಗೆ ಅಸಲಿ ಬೆಲೆ ಕೊಡಬೇಡಿ, ಅಷ್ಟೇ.

ಹೇಳಿಕೆ 4: ಪೇಂಟ್ ಮಿನುಗುತ್ತಿದ್ದರೆ ಬಾಡಿ ಚೆನ್ನಾಗಿದೆ

ಇದೂ ತಪ್ಪು. ಎಂಜಿನ್ ರಿಪೇರಿಗಿಂತ ತುಕ್ಕಿನ ರಿಪೇರಿ ಹೆಚ್ಚು ಹಣ ನುಂಗಬಹುದು. ಟಿಂಕರಿಂಗ್ ಮಾಡುವವರು ಪುಟ್ಟಿ ಮೆತ್ತಿ ಮುಚ್ಚಿದ್ದನ್ನು ಪತ್ತೆ ಮಾಡಲು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಸಾಕು. ಅದು ಹಿಡಿಯದ ಕಡೆ ಒಳಗೆ ತಗಡಿಲ್ಲ, ಅಥವಾ ಪುಟ್ಟಿ ದಪ್ಪವಾಗಿದೆ. ಕಾರ್ಪೆಟ್ ಎತ್ತಿ ನೆಲ ನೋಡಿ, ಹಿಂದಿನ ಲಗೇಜ್ ಜಾಗದ ತಳ ನೋಡಿ, ಹಿಂಚಕ್ರದ ಸುತ್ತ ಬೆರಳಾಡಿಸಿ. ಮಸ್ಟಾಂಗ್ ಆದರೆ ಮುಂದಿನ ಗಾಜಿನ ಕೆಳಗಿನ ಗಾಳಿಕಿಂಡಿಗೆ ನೀರು ಸುರಿಯಿರಿ. ಒಳಗೆ ಕಾಲಿನ ಬಳಿ ತೊಟ್ಟಿಕ್ಕಿದರೆ ಅಲ್ಲಿ ತುಕ್ಕು ಹಿಡಿದಿದೆ. ಮಸ್ಟಾಂಗ್, ಚಾರ್ಜರ್‌ಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಲ್ಲಿ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಜೀವದ ಪ್ರಶ್ನೆಯಾಗುತ್ತದೆ.

ಹೇಳಿಕೆ 5: ಈಗಿನ ಪೆಟ್ರೋಲ್ ಹಾಕಿದರೆ ಹಳೆ ಎಂಜಿನ್ ಕೆಡುತ್ತದೆ

ಇದು ಅರ್ಧ ಸತ್ಯ. ಆಗಿನ ಪೆಟ್ರೋಲ್‌ನಲ್ಲಿದ್ದ ಸೀಸ ಎಂಜಿನ್ ವಾಲ್ವ್ ಕೂರುವ ಜಾಗ ಸವೆಯದಂತೆ ತಡೆಯುತ್ತಿತ್ತು. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಿಂದ ನಿಷೇಧ. ಆದರೂ ವಾರಕ್ಕೊಮ್ಮೆ ಮೆಲ್ಲಗೆ ಓಡಿಸುವ ಕಾರಿಗೆ ಇದರಿಂದ ತೊಂದರೆ ಕಡಿಮೆ. ಎಂಜಿನ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟ್ ಹಾಕಿಸಿದರೆ ಮುಗಿಯಿತು. ಹೆಚ್ಚು ಎಚ್ಚರ ಬೇಕಿರುವುದು ಎಥನಾಲ್ ಬಗ್ಗೆ. ಅದು ಹಳೆ ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳನ್ನು ಕೆಡಿಸುತ್ತದೆ, ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನಲ್ಲಿ ನೀರಿನಂಶ ಸೇರಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತಬಹುದು. ಕಾರು ಕೈಗೆ ಬಂದ ಕೂಡಲೇ ಎಥನಾಲ್ ತಾಳುವ ಪೈಪ್‌ಗಳನ್ನು ಹಾಕಿಸಬೇಕು.

ಕೊಂಡರೆ ಹಣ ಯಾವ ಕ್ರಮದಲ್ಲಿ ಖರ್ಚಾಗಬೇಕು?

1. ಬ್ರೇಕ್: ಎರಡು ದಾರಿಯ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್, ಎಲ್ಲ ಹೋಸ್ ಹೊಸವು.
2. ಬೆಲ್ಟ್: ಮೂರು ಬಿಂದುಗಳ ಸೀಟ್ ಬೆಲ್ಟ್. ಬಿಗಿಯುವ ಜಾಗಕ್ಕೆ ಒಳಗಿನಿಂದ ಬಲ ಕೊಟ್ಟಿರಬೇಕು, ಬರೀ ತಗಡಿಗೆ ಬೋಲ್ಟ್ ಹಾಕಿದರೆ ಕಿತ್ತು ಬರುತ್ತದೆ.
3. ಟೈರು: ರೇಡಿಯಲ್ ಟೈರು. ಪಕ್ಕದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ, 2318 ಎಂದರೆ 2018ರ 23ನೇ ವಾರ. ಕಚ್ಚು ಚೆನ್ನಾಗಿದ್ದರೂ ಹಳೆ ರಬ್ಬರ್ ಬಿರಿಯುತ್ತದೆ.
4. ಸ್ಟೀರಿಂಗ್, ಸಸ್ಪೆನ್ಷನ್ ಮತ್ತು ವೈರಿಂಗ್.
5. ಇವೆಲ್ಲ ಆದ ಮೇಲೆ ಎಂಜಿನ್, ಪೇಂಟ್.

ಓಡಿಸುವ ಖರ್ಚನ್ನೂ ಲೆಕ್ಕಕ್ಕಿಡಿ. ದೊಡ್ಡ ವಿ8 ಲೀಟರಿಗೆ 4ರಿಂದ 6 ಕಿ.ಮೀ. ಕೊಡುತ್ತದೆ. ಅಮೆರಿಕದಲ್ಲಿ ಕ್ಲಾಸಿಕ್ ಕಾರಿನ ವಿಮೆ ಅಗ್ಗ ಎನ್ನುತ್ತಾರೆ, ನಿಜವೇ. ಆದರೆ ಅಂಥ ಪಾಲಿಸಿಗಳು ಸಾಮಾನ್ಯವಾಗಿ ದಿನಬಳಕೆಗೆ ಬೇರೆ ಕಾರು, ಬೀಗ ಹಾಕುವ ಗ್ಯಾರೇಜ್, ಕೆಲವು ವರ್ಷಗಳ ಚಾಲನಾ ಅನುಭವ ಕೇಳುತ್ತವೆ. ಆಗತಾನೇ ಲೈಸೆನ್ಸ್ ಪಡೆದವರಿಗೆ ಅದು ಸಿಗುವುದು ಕಷ್ಟ. ಹಣ ಕೊಡುವ ಮುನ್ನವೇ ವಿಮೆ ವಿಚಾರಿಸಿ.

ಭಾರತದಲ್ಲಿ ಇದು ಸಾಧ್ಯವೇ?

ಹಳೆ ಕಾರು ಕೊಂಡು ಆಫೀಸಿಗೆ ಓಡಿಸುವ ಕನಸಿಗೆ ಇಲ್ಲಿ ಕಾನೂನೇ ಅಡ್ಡಿ. 2021ರ ಜುಲೈನ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಿಸದ ವಾಹನ ಮಾತ್ರ ‘ವಿಂಟೇಜ್’. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟ್‌ನಲ್ಲಿ ‘ವಿಎ’ ಅಕ್ಷರಗಳು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲ್ ಮತ್ತು ರಿಪೇರಿಗಷ್ಟೇ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಎಡಗಡೆ ಸ್ಟೀರಿಂಗ್ ಇರುವ ಕಾರು ಭಾರತದಲ್ಲಿ ಪೂರ್ತಿ ನಿಷೇಧ ಎಂಬ ಮಾತೂ ಹರಿದಾಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ, ನಿಗದಿತ ಸಿಗ್ನಲ್ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅಂಥ ಕಾರು ಓಡಿಸಲು ಅವಕಾಶವಿದೆ.

ನಮ್ಮ ತೀರ್ಮಾನ

‘ಹಳೆ ಕಾರು ಗಟ್ಟಿ, ಆದ್ದರಿಂದ ಸುರಕ್ಷಿತ’ ಎಂಬ ಹೇಳಿಕೆ ತಪ್ಪು. ಮಸಲ್ ಕಾರಿನ ಮೇಲಿನ ಪ್ರೀತಿ ತಪ್ಪಲ್ಲ. ಆದರೆ ಮನೆಯ ಹೊಸ ಚಾಲಕರಿಗೆ ಮೊದಲು ಏರ್‌ಬ್ಯಾಗ್, ಇಎಸ್‌ಸಿ ಇರುವ ಸಾಧಾರಣ ಕಾರು ಕೊಡಿಸಿ. ನಾಲ್ಕಾರು ವರ್ಷ ಕೈ ಪಳಗಲಿ, ಆಮೇಲೂ ಆಸೆ ಉಳಿದಿದ್ದರೆ ಚಾರ್ಜರ್ ನೋಡಬಹುದು. ಈ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಇಷ್ಟು ಬರೆದು ಕಳಿಸಿ: ಡಿಕ್ಕಿಯಲ್ಲಿ ಕಾರು ನಜ್ಜುಗುಜ್ಜಾಗುವುದು ಒಳಗಿದ್ದವರನ್ನು ಉಳಿಸಲಿಕ್ಕಾಗಿಯೇ.