ಒಂದೇ ಮನೆಯ ಹಲವು ಮಕ್ಕಳಿಗೆ ಕಾಲೇಜು ನೆರವು: ಅಮೆರಿಕದ ಕ್ರಮ

ಅಮೆರಿಕದಲ್ಲಿ ಒಡಹುಟ್ಟಿದವರು ಇಬ್ಬರು ಮೂವರು ಒಂದೇ ವರ್ಷ ಕಾಲೇಜಿನಲ್ಲಿದ್ದಾಗ ಅವರಿಗೆ ಸಲ್ಲುವ ಹಣಕಾಸು ನೆರವನ್ನು ನಿಗದಿ ಮಾಡುವ ಕ್ರಮ. 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಡುವ ಅನುದಾನ, ಸಾಲಗಳಿಗಾಗಿ ವಿದ್ಯಾರ್ಥಿ ಪ್ರತಿವರ್ಷ ಫಾಫ್ಸಾ ಎಂಬ ಅರ್ಜಿ ತುಂಬಬೇಕು. ಮನೆಯವರು ಎಷ್ಟು ಭರಿಸಬಲ್ಲರು ಎಂಬ ಅಂದಾಜು ಅದರಿಂದ ಹೊರಡುತ್ತದೆ. ಕಾಲೇಜಿನ ಒಟ್ಟು ಖರ್ಚಿನಲ್ಲಿ ಅದನ್ನು ಕಳೆದರೆ ಉಳಿಯುವುದು ವಿದ್ಯಾರ್ಥಿಯ ‘ಅಗತ್ಯ’.

2023–24ರವರೆಗೆ ಈ ಅಂದಾಜಿನಲ್ಲಿ ತಂದೆತಾಯಿಯ ಪಾಲನ್ನು ಕಾಲೇಜಿನಲ್ಲಿರುವ ಮಕ್ಕಳ ಸಂಖ್ಯೆಯಿಂದ ಭಾಗಿಸುತ್ತಿದ್ದರು. 2020ರ ಡಿಸೆಂಬರಿನಲ್ಲಿ ಅಂಗೀಕಾರವಾದ ಫಾಫ್ಸಾ ಸರಳೀಕರಣ ಕಾಯ್ದೆ 2024–25ರಿಂದ ಈ ಭಾಗಾಕಾರವನ್ನು ಕೈಬಿಟ್ಟಿತು. ತಂದೆತಾಯಿಯ ಪಾಲು 30,000 ಡಾಲರ್, ಓದುತ್ತಿರುವವರು ಅವಳಿ ಮಕ್ಕಳು ಎಂದಿಟ್ಟುಕೊಳ್ಳೋಣ. ಹಳೆಯ ಲೆಕ್ಕದಲ್ಲಿ ತಲಾ 15,000. ಹೊಸದರಲ್ಲಿ ತಲಾ 30,000, ಅಂದರೆ ಅದೇ ವರ್ಷದ ಸಂಬಳದಿಂದ 60,000. ಕಾಲೇಜಿನ ಖರ್ಚು 50,000 ಆಗಿದ್ದರೆ ಪ್ರತಿಯೊಬ್ಬರ ‘ಅಗತ್ಯ’ 35,000ದಿಂದ 20,000ಕ್ಕೆ ಇಳಿಯುತ್ತದೆ. ಅವಳಿಗಳಿಗೆ ನಾಲ್ಕೂ ವರ್ಷ ಇದೇ ಪಾಡು.

ನಾಲ್ಕು ವರ್ಷ ಅಂತರದಲ್ಲಿ ಮಕ್ಕಳಿರುವವರಿಗೆ ಹಳೆಯ ರಿಯಾಯಿತಿ ಸಿಗುತ್ತಲೇ ಇರಲಿಲ್ಲ, ಆದ್ದರಿಂದ ಅದು ಅಸಮಾನ ಎಂಬುದು ಬದಲಾವಣೆಯ ಪರವಾದ ವಾದ. ವಾದದಲ್ಲಿ ತಿರುಳಿದೆ. ಆದರೆ ಅಂಥವರು ಎಂಟು ವರ್ಷದ ದುಡಿಮೆಯಿಂದ ಕಟ್ಟುವ ಶುಲ್ಕವನ್ನು ಅವಳಿಗಳ ಹೆತ್ತವರು ನಾಲ್ಕೇ ವರ್ಷದಲ್ಲಿ ಹೊಂದಿಸುವುದು ಬೇರೆಯೇ ಕಷ್ಟ, ಹೊಸ ಸೂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಡುಬಡವರ ಪಾಲು ಮೊದಲೇ ಸೊನ್ನೆಯಾದ್ದರಿಂದ ಅವರಿಗೆ ಇದು ತಟ್ಟದು. ಪೆಟ್ಟು ಬಿದ್ದದ್ದು ಮಧ್ಯಮ ವರ್ಗಕ್ಕೆ.

ಎಷ್ಟು ಮಂದಿ ಕಾಲೇಜಿನಲ್ಲಿದ್ದಾರೆಂದು ಅರ್ಜಿ ಈಗಲೂ ಕೇಳುತ್ತದೆ, ಉತ್ತರ ಮಾತ್ರ ಸೂತ್ರದೊಳಗೆ ಸೇರುವುದಿಲ್ಲ. ಆದರೂ ಕಾಲೇಜಿನ ನೆರವು ಅಧಿಕಾರಿಗೆ ಇದನ್ನು ವಿಶೇಷ ಸಂದರ್ಭವೆಂದು ಪರಿಗಣಿಸಿ ಲೆಕ್ಕ ಬದಲಿಸುವ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿದೆ. ತಂದೆತಾಯಿ ದಾಖಲೆ ಸಮೇತ ಕೇಳಲೇಬೇಕು. ಒಪ್ಪುವುದು ಬಿಡುವುದು ಕಾಲೇಜಿಗೆ ಸೇರಿದ್ದು. ಅದರ ಮೇಲೆ ಶಿಕ್ಷಣ ಇಲಾಖೆಗೆ ಮೇಲ್ಮನವಿ ಇಲ್ಲ.

ತಮ್ಮದೇ ನಿಧಿಯಿಂದ ನೆರವು ಕೊಡುವ ಅನೇಕ ಖಾಸಗಿ ಕಾಲೇಜುಗಳು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್ ಅರ್ಜಿಯನ್ನೂ ಕೇಳುತ್ತವೆ. ಅದರ ರೂಢಿಯ ಲೆಕ್ಕದಲ್ಲಿ ಇಬ್ಬರಿದ್ದರೆ ತಲಾ ಶೇ 60, ಮೂವರಿದ್ದರೆ ಶೇ 45ರಷ್ಟು ಪಾಲು. ಮೇಲಿನ ಅವಳಿಗಳಿಗೆ ಇದನ್ನು ಅನ್ವಯಿಸಿದರೆ ತಲಾ 18,000.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಅಲ್ಲೇ ಹುಟ್ಟಿದ ತಂಗಿ ನಾಗರಿಕಳು, ಅಪ್ಪ ಅಮ್ಮನ ವೀಸಾ ಯಾವುದಿದ್ದರೂ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಹುಟ್ಟಿ, ಅವಲಂಬಿತರಿಗೆ ಕೊಡುವ ಎಚ್‌-4 ವೀಸಾದಲ್ಲಿರುವ ಅಣ್ಣನಿಗೆ ಕೇಂದ್ರದ ನೆರವಿಗೆ ಅರ್ಹತೆಯೇ ಇಲ್ಲ.

ನೆರವು ಸಾಲದಿದ್ದಾಗ ಹೆತ್ತವರು ಕೇಂದ್ರ ಸರ್ಕಾರದ ಪೇರೆಂಟ್ ಪ್ಲಸ್ ಎಂಬ ಸಾಲಕ್ಕೆ ಮೊರೆಹೋಗುತ್ತಾರೆ. 2025ರ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಪ್ರತಿ ವಿದ್ಯಾರ್ಥಿಯ ಹೆಸರಿನಲ್ಲಿ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ. ಮಿತಿ ಮಗುವಿಗೊಂದರಂತೆ ಇರುವುದರಿಂದ ಇಬ್ಬರು ಓದುವ ಮನೆಯಲ್ಲಿ ಈ ಸಾಲವೊಂದೇ 1,30,000 ಡಾಲರ್ ಮುಟ್ಟಬಹುದು.