ಕೈಗೆ ಕೈಯಿತ್ತ ತೀರ್ಪು: 1368ರ ಬೆಳಗೊಳದ ಶಾಸನದಲ್ಲಿ ಅರಸು, ನಾಡು ಮತ್ತು ಹೊಣೆ

ಕನ್ನಡದ ‘ಪ್ರಜೆ’ ಎಂಬ ಪದ ಎರಡು ಅರ್ಥಗಳನ್ನು ಹೊತ್ತಿದೆ. ಅರಸನ ಆಳ್ವಿಕೆಗೆ ಒಳಪಟ್ಟವನೂ ಪ್ರಜೆ. ಸಂವಿಧಾನದ ಬಲದಿಂದ ಆಳುವವರನ್ನು ಪ್ರಶ್ನಿಸುವವನೂ ಪ್ರಜೆ. ಎರಡನೆಯ ಅರ್ಥ ಆಧುನಿಕವಾದುದು. ಆದರೆ ದೂರದ ರಾಜಧಾನಿ ನೀಡಿದ ಆಜ್ಞೆಯನ್ನು ಊರಿನಲ್ಲಿ ಪಾಲಿಸುವವರು ಯಾರು, ಪಾಲಿಸದಿದ್ದರೆ ಕೇಳುವವರು ಯಾರು ಎಂಬ ಪ್ರಶ್ನೆ ಹಳೆಯದು. ಈ ಪ್ರಶ್ನೆಗೆ ಕರ್ನಾಟಕದ ಇತಿಹಾಸದಲ್ಲಿ ದೊರೆಯುವ ವಿವರವಾದ ಉತ್ತರಗಳಲ್ಲಿ ಒಂದು, ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಕಾಲದ ಶಾಸನ. ಅದು ಶಕ 1290ರ ಕೀಲಕ ಸಂವತ್ಸರಕ್ಕೆ, ಅಂದರೆ ಕ್ರಿ.ಶ. 1368ಕ್ಕೆ ಸೇರಿದ್ದು. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಬೆಳಗೊಳದ ಶಾಸನ ಸಂಪುಟದ ಮೂಲಕ ಅದು ವಿದ್ವಾಂಸರಿಗೆ ಪರಿಚಿತವಾಗಿದೆ. ಧರ್ಮಸಮನ್ವಯದ ದಾಖಲೆಯಾಗಿ ಅದನ್ನು ಉಲ್ಲೇಖಿಸದ ಗ್ರಂಥ ವಿರಳ. ಅದೇ ಶಾಸನವನ್ನು ಆಡಳಿತದ ದಾಖಲೆಯಾಗಿ ಓದಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ.

ಪ್ರಕರಣ ಹೀಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸಮಸ್ತ ನಾಡುಗಳ ಭವ್ಯಜನರು, ಅಂದರೆ ಜೈನರು, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಅನ್ಯಾಯದ ಸ್ವರೂಪವನ್ನು ಶಾಸನ ವಿವರಿಸುವುದಿಲ್ಲ. ಪಂಚಮಹಾವಾದ್ಯ ಮತ್ತು ಕಳಶಗಳಿಗೆ ಜೈನದರ್ಶನವು ಹಿಂದಿನಂತೆಯೇ ಅರ್ಹವೆಂದು ತೀರ್ಪು ಹೇಳುವುದರಿಂದ, ಮೆರವಣಿಗೆ ಮತ್ತು ದೇವಾಲಯದ ಗೌರವಗಳ ಕುರಿತ ತಕರಾರು ಅದರಲ್ಲಿ ಸೇರಿತ್ತೆಂದು ಊಹಿಸಬಹುದು. ದೂರು ಕೊಟ್ಟವರು ಬೆಳಗೊಳದವರಷ್ಟೇ ಆಗಿರಲಿಲ್ಲ ಎಂಬುದು ಗಮನಾರ್ಹ. ಒಂದು ಊರಿನ ಜಗಳವೆಂದು ತಳ್ಳಿಹಾಕಲಾಗದಂತೆ ಅನೇಕ ನಾಡುಗಳ ಜನ ಒಟ್ಟಾಗಿ ಅರಸನ ಮುಂದೆ ನಿಂತಿದ್ದರು.

ಇನ್ನೊಂದು ಕಡೆಯಲ್ಲಿ ಹದಿನೆಂಟು ನಾಡಿನ ಶ್ರೀವೈಷ್ಣವರಿದ್ದರು. ಶ್ರೀರಂಗ, ತಿರುಮಲೆ, ಕಂಚಿ ಮತ್ತು ಮೇಲುಕೋಟೆಯ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರವರೆಗೆ ಶಾಸನದ ಪಟ್ಟಿ ಹರಡಿದೆ. ಪೀಠಾಧಿಪತಿಗಳು ಒಪ್ಪಿ ಊರಿನವರು ಒಪ್ಪದಿದ್ದರೆ ತೀರ್ಪು ನಿಲ್ಲದು ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ. ಇವರೆಲ್ಲರ ಸಮಕ್ಷಮದಲ್ಲಿ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇತ್ತನು. ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ, ಅದನ್ನು ವೈಷ್ಣವರು ತಮ್ಮ ದರ್ಶನದ ಹಾನಿವೃದ್ಧಿಯೆಂದೇ ಭಾವಿಸತಕ್ಕದ್ದೆಂದು ವಿಧಿಸಿದನು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸುವ ಕೆಲಸವನ್ನೂ ಶ್ರೀವೈಷ್ಣವರಿಗೇ ಒಪ್ಪಿಸಿದನು.

ಅರಸನು ಜೈನರ ಕೈಯನ್ನು ತನ್ನಲ್ಲಿಯೇ ಇರಿಸಿಕೊಳ್ಳಲಿಲ್ಲ. ರಾಜಧಾನಿಯಿಂದ ದಂಡನ್ನು ಕಳುಹಿಸಿ ಬಸದಿಗಳನ್ನು ಕಾಯಿಸುವ ಮಾರ್ಗ ಅವನಿಗೆ ತೆರೆದಿತ್ತು. ದಂಡು ಹಿಂದಿರುಗಿದ ಮರುದಿನ ನೆರೆಹೊರೆಯ ಹಗೆ ಮತ್ತೆ ತಲೆಯೆತ್ತುತ್ತಿತ್ತು. ಯಾರ ವಿರುದ್ಧ ದೂರು ಬಂದಿತ್ತೋ ಅವರನ್ನೇ ರಕ್ಷಣೆಯ ಹೊಣೆಗಾರರನ್ನಾಗಿಸಿ, ಆ ಹೊಣೆಯನ್ನು ಅವರಿಂದಲೇ ಬಹಿರಂಗವಾಗಿ ಕಲ್ಲಿನಲ್ಲಿ ಬರೆಯಿಸುವುದು ಈ ತೀರ್ಪಿನ ಕ್ರಮ.

ಈ ಹೊಣೆ ಬರಿಯ ಮಾತಾಗಿ ಉಳಿಯದಂತೆ ಶಾಸನದಲ್ಲಿ ಲೆಕ್ಕದ ವ್ಯವಸ್ಥೆಯೂ ಇದೆ. ರಾಜ್ಯದಾದ್ಯಂತ ಇರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗಾಗಿ 20 ಜನ ಆಳುಗಳನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಇದು ಸಮಸ್ತ ರಾಜ್ಯದ ಭವ್ಯಜನರ ಒಪ್ಪಿಗೆಯಿಂದ ಆದದ್ದೆಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ತೆರುವವರು ಯಾರು, ಖರ್ಚು ಮಾಡುವವರು ಯಾರು, ಯಾವ ಕೆಲಸಕ್ಕೆ ಎಂಬ ಮೂರೂ ಸಂಗತಿಗಳು ಎಲ್ಲರೂ ಕಾಣುವಂತೆ ಕಲ್ಲಿನ ಮೇಲಿವೆ. ಕಾವಲಿಗೆ 20 ಜನರ ಬದಲು 10 ಜನರಿದ್ದರೆ ಊರಿನ ಯಾವ ಶ್ರಾವಕನಾದರೂ ಎಣಿಸಿ ಹೇಳಬಹುದಾಗಿತ್ತು. ಮಿಕ್ಕ ಹಣದ ವಿನಿಯೋಗವನ್ನು ಕೂಡ ನಮೂದಿಸಿರುವುದು, ಹಣ ಎಲ್ಲಿ ಸೋರಿಹೋಗುತ್ತದೆಂಬುದನ್ನು ಬಲ್ಲವರ ಎಚ್ಚರ. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಅರಸು ಮತ್ತು ನಾಡು ಎರಡೂ ಪ್ರತ್ಯೇಕವಾಗಿ ತಪ್ಪಿತಸ್ಥನನ್ನು ಕೇಳಬಲ್ಲವು.

ಆದರೂ ಕಲ್ಲು ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಶಾಸನದ ಕೊನೆಯ ಭಾಗದಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರಿದೆ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಯಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಆಗ ಎರಡು ಸಂಘಗಳೂ ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟವನ್ನು ಕಟ್ಟಿದವು. ಕಲ್ಲೆಹವೆಂದರೆ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಇದೇ ತೀರ್ಪಿನ ಇನ್ನೊಂದು ಪ್ರತಿ ಅಲ್ಲಿಯೂ ದೊರೆತಿದೆ. ಅರಸನ ಆಜ್ಞೆ, ಆಚಾರ್ಯರ ಒಪ್ಪಿಗೆ, ಮನೆಮನೆಯ ಹಣ ಎಲ್ಲವೂ ಇದ್ದಾಗಲೂ, ಒಬ್ಬ ಸೆಟ್ಟಿ ಮತ್ತೆ ರಾಜಧಾನಿಯ ಬಾಗಿಲನ್ನು ತಟ್ಟಬೇಕಾಯಿತು.

ಈ ತೀರ್ಪನ್ನು ಆದರ್ಶವೆಂದು ಮಾತ್ರ ಕಾಣುವುದು ಏಕಮುಖವಾದ ಓದು. ಜೈನರ ರಕ್ಷಣೆಗಾಗಿ ಹುಟ್ಟಿದ ಬೆಳಗೊಳದ ಶಾಸನವು ರಾಮಾನುಜರನ್ನು ಪಾಷಂಡಸಮುದ್ರಕ್ಕೆ ಬಡಬಾಗ್ನಿಯೆಂದು ಸ್ತುತಿಸುವ ಪದ್ಯದಿಂದ ತೊಡಗುತ್ತದೆ. ತಮ್ಮ ರಕ್ಷಣೆಯ ವೆಚ್ಚವನ್ನು ಜೈನರೇ ತೆರಬೇಕು. ಕಾವಲಿನವರನ್ನು ನೇಮಿಸುವ ಅಧಿಕಾರ ಮಾತ್ರ ಎದುರು ಪಕ್ಷದ್ದು. ಗಂಗ, ರಾಷ್ಟ್ರಕೂಟರ ಕಾಲದಲ್ಲಿ ಅರಸೊತ್ತಿಗೆಯ ಆಪ್ತವಾಗಿದ್ದ ಸಮುದಾಯವೊಂದು ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಎಷ್ಟು ಬಲಗುಂದಿತ್ತೆಂಬುದಕ್ಕೂ ಇದು ಸಾಕ್ಷಿ. ಸಮಾನತೆ ಘೋಷಣೆಯಲ್ಲಿದೆ, ಅಸಮಾನತೆ ವ್ಯವಸ್ಥೆಯಲ್ಲಿದೆ. ಆದರೆ ಬಲಗುಂದಿದವರಿಗೆ ಬಲವುಳ್ಳವರು ಲಿಖಿತವಾಗಿ ಉತ್ತರಿಸಬೇಕಾದ ಸ್ಥಿತಿಯನ್ನು ಅದೇ ವ್ಯವಸ್ಥೆ ನಿರ್ಮಿಸಿತು ಎಂಬುದನ್ನು ಅಲ್ಲಗಳೆಯಲಾಗದು.

ಮುಂದಿನ ಎರಡು ಪ್ರಕರಣಗಳೊಡನೆ ಹೋಲಿಸಿದಾಗ ಇದರ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯದು 1634ರದು, ಬೆಳಗೊಳದ್ದೇ. ಅಲ್ಲಿ ಹೊರಗಿನವರಿಂದ ಬಂದ ಆಪತ್ತೇನೂ ಇರಲಿಲ್ಲ. ದೇವರ ಭೂಮಿಯನ್ನು ನೋಡಿಕೊಳ್ಳಬೇಕಾದ ಸ್ಥಾನಿಕರೇ ಅದನ್ನು ವರ್ತಕರಿಗೆ ಅಡವಿಟ್ಟಿದ್ದರು. ಸಾಲ ಕೊಟ್ಟವರು ಬಹುಕಾಲದಿಂದ ಅದರ ಫಲವನ್ನು ಅನುಭವಿಸುತ್ತಿದ್ದರು. ಮೈಸೂರಿನ ಚಾಮರಾಜ ಒಡೆಯರು ವಿಚಾರಿಸಿ, ಸಾಲಿಗರನ್ನು ಕರೆಯಿಸಿ, ಸಾಲವನ್ನು ತೀರಿಸಿಕೊಡುವುದಾಗಿ ಹೇಳಿದರು. ವರ್ತಕರು ಗೊಮ್ಮಟಸ್ವಾಮಿಯ ಮತ್ತು ಚಾರುಕೀರ್ತಿ ಪಂಡಿತರ ಸನ್ನಿಧಿಯಲ್ಲಿ ಆ ಅಡವನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಮುಂದೆ ಅಡವಿಡುವವರಿಗೂ ಅಡವು ಹಿಡಿಯುವವರಿಗೂ ನಿಷೇಧ ವಿಧಿಸಲಾಯಿತು. ಸ್ಥಳೀಯರ ಕೈಗೆ ಅಧಿಕಾರವನ್ನು ಕೊಟ್ಟಮಾತ್ರಕ್ಕೆ ಸ್ಥಳದ ಹಿತ ಉಳಿಯುತ್ತದೆಂಬ ನಂಬಿಕೆಗೆ ಈ ಪ್ರಕರಣ ತಡೆಯೊಡ್ಡುತ್ತದೆ.

ಎರಡನೆಯದು ನಾಲ್ಕು ವರ್ಷಗಳ ತರುವಾಯ, 1638ರಲ್ಲಿ ಹಳೇಬೀಡಿನಲ್ಲಿ ನಡೆದದ್ದು. ವಿಜಯನಗರದ ಅರಸೊತ್ತಿಗೆ ಹೆಸರಿಗಷ್ಟೇ ಉಳಿದಿದ್ದ ಕಾಲವದು. ಬೇಲೂರು ಸೀಮೆ ವೆಂಕಟಾದ್ರಿನಾಯಕನ ಆಳ್ವಿಕೆಯಲ್ಲಿತ್ತು. ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವಿವಾದ ಬೆಳೆದಾಗ ತೀರ್ಮಾನ ಮಾಡಿದವರು ವೀರಶೈವ ಮಹಾಮಹತ್ತಿನವರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಬಳಿಕ ಜೈನರು ತಮ್ಮ ಪೂಜೆ ಮೊದಲಾದವನ್ನು ಹಿಂದಿನ ಪದ್ಧತಿಯಂತೆ ನಡೆಸಬಹುದೆಂದು ಗೊತ್ತಾಯಿತು. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವರು ಶಿವದ್ರೋಹಿಗಳು, ಜಂಗಮದ್ರೋಹಿಗಳೆಂದು ವೀರಶೈವ ಮುಖಂಡರು ತಮ್ಮವರಿಗೇ ಶಾಪವಿಟ್ಟು ಬರೆಯಿಸಿದರು. ಈ ಔದಾರ್ಯ ಸ್ತುತ್ಯರ್ಹ. ಆದರೂ ಪೂಜೆ ನಡೆಯುವುದಕ್ಕೆ ಮುನ್ನ ವಿಭೂತಿ ಸಲ್ಲಬೇಕೆಂಬ ಷರತ್ತು ಉಳಿಯಿತು. ಅಲ್ಲಿ ಜೈನರು ಮೊರೆಹೋದ ಸಭೆಯೇ ಎದುರು ಪಕ್ಷದ ಸಭೆಯಾಗಿತ್ತು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನುಡಿಯುವ ಮೂರನೆಯ ಶಕ್ತಿ ಬಲವಾಗಿರಲಿಲ್ಲ.

1634ರಲ್ಲಿ ಸ್ಥಳೀಯರನ್ನು ಕೇಳುವವರು ಬಹುಕಾಲ ಇಲ್ಲದೆ ಭೂಮಿ ಅಡವಿಗೆ ಹೋಗಿತ್ತು. 1638ರಲ್ಲಿ ಸ್ಥಳದ ಬಲವೇ ನ್ಯಾಯದ ಅಳತೆಯಾಯಿತು. 1368ರ ತೀರ್ಪಿನಲ್ಲಿ ಮಾತ್ರ ಮೇಲಿನ ಅಧಿಕಾರ ನಿಯಮವನ್ನು ಹೇಳಿತು, ಸ್ಥಳದವರು ಅದರ ಹೊಣೆಯನ್ನು ಹೊತ್ತರು, ಬಾಧಿತರು ಲೆಕ್ಕ ಕೇಳುವ ದಾರಿಯನ್ನು ಉಳಿಸಿಕೊಂಡರು.

ಈ ಮೂರೂ ಘಟನೆಗಳನ್ನು ಇಂದಿನ ಅಧಿಕಾರ ವಿಕೇಂದ್ರೀಕರಣಕ್ಕೆ ಪೂರ್ವರೂಪವೆಂದು ಹೇಳುವುದು ಕಾಲವಿಪರ್ಯಾಸ. ಬುಕ್ಕರಾಯನನ್ನು ಯಾರೂ ಚುನಾಯಿಸಿರಲಿಲ್ಲ. ಅಂದಿನ ಪ್ರಜೆಗೆ ಬಿನ್ನಹದ ಹೊರತು ಹಕ್ಕಿರಲಿಲ್ಲ. ಕರ್ನಾಟಕದ 1983ರ ಪಂಚಾಯತ್ ಶಾಸನವಾಗಲಿ, ಸಂವಿಧಾನದ 73ನೆಯ ತಿದ್ದುಪಡಿಯಾಗಲಿ ಬೇರೆಯೇ ಆದ ತತ್ತ್ವದ ಮೇಲೆ ನಿಂತಿವೆ. ಆದರೆ ಆ ಚರ್ಚೆಗಳಲ್ಲಿ ಅಧಿಕಾರ ಮೇಲಿರಬೇಕೇ ಕೆಳಗಿರಬೇಕೇ ಎಂಬ ಪ್ರಶ್ನೆಯೇ ಮುಂದಾಗಿ, ಯಾರು ಯಾರಿಗೆ ಉತ್ತರಿಸಬೇಕೆಂಬುದು ಹಿಂದುಳಿಯುವುದುಂಟು. ಬೆಳಗೊಳದ ಕಲ್ಲು ಆ ಎರಡನೆಯ ಪ್ರಶ್ನೆಗೆ ಹೆಸರು ಹಿಡಿದು, ಸಂಖ್ಯೆ ಹಾಕಿ ಉತ್ತರ ಬರೆದಿದೆ. ತೆರುವ ಮನೆಗೆ 1 ಹಣ, ಕಾಯುವ ಆಳುಗಳು 20, ನೇಮಿಸುವವನು ತಾತಯ್ಯ, ಮತ್ತೆ ಹೋಗಿ ಕೇಳಿದವನು ಬುಸುವಿಸೆಟ್ಟಿ.