ಒಂದನೇ ಕ್ಲಾಸಿಗೆ ಮುಂಚಿನ ಆ ಒಂದು ವರ್ಷ ಯಾರದು?

ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ನಮ್ಮ ಊರುಗಳ ಮೇಷ್ಟ್ರು ಮಕ್ಕಳ ವಯಸ್ಸು ಅಳೆಯುತ್ತಿದ್ದದ್ದು ಹೀಗೆ. ಹುಟ್ಟಿದ ದಿನ ಗೊತ್ತಿಲ್ಲ ಎಂದರೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅದಕ್ಕೇ ಇವತ್ತಿಗೂ ನಮ್ಮ ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಅದೇ ದಿನ ಕೂತಿದೆ.

ಕಿವಿ ಮುಟ್ಟದ ಮಗು ಆ ಒಂದು ವರ್ಷ ಎಲ್ಲಿರಬೇಕು, ಏನು ಕಲಿಯಬೇಕು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಅಜ್ಜಿಯ ಹಿಂದೆ ಹೊಲಕ್ಕೆ ಹೋಗುತ್ತಿತ್ತು, ಇಲ್ಲವೇ ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ತಿರುಗುತ್ತಿತ್ತು. ಈಗ ಆ ವರ್ಷಕ್ಕೆ ಯುಕೆಜಿ ಎಂದು ಹೆಸರು ಬಂದಿದೆ. ಜೊತೆಗೆ ಬೆಲೆಯೂ ಬಂದಿದೆ. ಬೆಳಿಗ್ಗೆ ಕಾನ್ವೆಂಟಿನ ವ್ಯಾನು ಊರ ಬಾಗಿಲಿಗೆ ಬರುತ್ತದೆ, ಕೂಲಿ ಮಾಡುವವರೂ ಸಾಲ ಮಾಡಿ ಫೀಸು ಕಟ್ಟುತ್ತಾರೆ. ಅದೇ ಊರಿನಲ್ಲಿ, ಅದೇ ವಯಸ್ಸಿನ ಮಕ್ಕಳಿಗಾಗಿ, ಒಂದು ರೂಪಾಯಿಯೂ ಕೇಳದ ಅಂಗನವಾಡಿ ಐವತ್ತು ವರ್ಷಗಳ ಹಿಂದೆ ಶುರುವಾದ ಯೋಜನೆಯಲ್ಲಿ ನಡೆಯುತ್ತಿದೆ. ಇದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಗನವಾಡಿ ಎಂದರೆ ಉಪ್ಪಿಟ್ಟು ಕೊಡುವ ಜಾಗ ಎಂದೇ ನಮ್ಮಲ್ಲಿ ಅನೇಕರ ತಿಳುವಳಿಕೆ. ಆದರೆ ಆ ಮಾತು ಹುಟ್ಟಿದ್ದು ಊಟದಿಂದಲ್ಲ, ಪಾಠದಿಂದ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿಕೆ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದಿದ್ದರು. ಏಟಿಲ್ಲ, ಬೈಗುಳವಿಲ್ಲ, ಕಥೆ ಮತ್ತು ಆಟದಿಂದಲೇ ಕಲಿಕೆ. ಅವರ ಜೊತೆ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. ಇಟಲಿಯ ಮಾರಿಯಾ ಮಾಂಟೆಸ್ಸರಿಯವರ ಪದ್ಧತಿಯನ್ನು ಇಬ್ಬರೂ ಮೆಚ್ಚಿದ್ದರು. ಆದರೆ ಆ ಪದ್ಧತಿಯ ಆಟಿಕೆ, ಸಲಕರಣೆಗಳು ಬಡವರ ಕೈಗೆ ಎಟುಕುವಂತಿರಲಿಲ್ಲ. ಪೇಟೆಯ ಅನುಕೂಲಸ್ಥರ ಮಕ್ಕಳಿಗಷ್ಟೇ ಇದು ಸಾಕೇ ಎಂಬ ಪ್ರಶ್ನೆ ತಾರಾಬಾಯಿಯವರನ್ನು ಬಿಡಲಿಲ್ಲ.

1945ರಲ್ಲಿ ಅವರು ಮಹಾರಾಷ್ಟ್ರದ ಕಡಲಂಚಿನ ಬೋರ್ಡಿ ಎಂಬ ಊರಿಗೆ ಬಂದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಛಲದಿಂದ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅಲ್ಲಿ ಅವರಿಗೆ ಜೊತೆಯಾದರು. 1957ರಲ್ಲಿ ಕೆಲಸ ಕೋಸ್ಬಾಡ್ ಗುಡ್ಡಕ್ಕೆ ಹೋಯಿತು. ಸುತ್ತ ವಾರ್ಲಿ ಆದಿವಾಸಿಗಳ ಹಾಡಿಗಳು. ಶಾಲೆ ತೆರೆದರೆ ಮಕ್ಕಳು ಬರಲಿಲ್ಲ, ಬರಲು ಆಗುತ್ತಲೂ ಇರಲಿಲ್ಲ. ದೊಡ್ಡವರು ದನ ಕಾಯಬೇಕು, ಚಿಕ್ಕವರು ಇನ್ನೂ ಚಿಕ್ಕವರನ್ನು ನೋಡಿಕೊಳ್ಳಬೇಕು. ಆಗ ಇವರೇ ಶಾಲೆಯನ್ನು ಮನೆಯಂಗಳಕ್ಕೆ ತೆಗೆದುಕೊಂಡು ಹೋದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. ದುಬಾರಿ ಸಲಕರಣೆಗಳ ಬದಲು ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪು. ಅಂಗಳದಲ್ಲಿ ನಡೆಯುವ ಈ ಮಕ್ಕಳ ಶಾಲೆಯಿಂದಲೇ ಅಂಗನವಾಡಿ ಎಂಬ ಹೆಸರು ಬಂತು. ಮರಾಠಿಯ ಅಂಗಣ ನಮ್ಮ ಅಂಗಳವೇ, ಬೇರೆ ಅಲ್ಲ.

ಸರ್ಕಾರ ಈ ವಯಸ್ಸಿನ ಮಕ್ಕಳ ಕಡೆ ನೋಡಲು ತಡ ಮಾಡಿತು. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿದ ಮೇಲೆ ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ಅಷ್ಟಿಷ್ಟು ಹಣ ಬಂತು. ಆದರೆ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ, ಶಾಲೆಗೆ ಮುಂಚಿನ ಶಿಕ್ಷಣ ಬೇಕು ಎನ್ನುತ್ತಲೇ ಅದನ್ನು ನಡೆಸುವುದನ್ನು ಹೆಚ್ಚಾಗಿ ಖಾಸಗಿಯವರಿಗೆ ಬಿಡಬಹುದು ಎಂದಿತು. ಹಣವಿಲ್ಲದ ದೇಶಕ್ಕೆ ಆಗ ಅದು ಸರಿ ಕಂಡಿರಬಹುದು. ಹಳ್ಳಿಗೆ ಬರುವ ಖಾಸಗಿಯವರು ಯಾರು ಎಂಬುದು ಮಾತ್ರ ಉತ್ತರವಿಲ್ಲದೆ ಉಳಿಯಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ತಲಕಾಡು, ಸೋಮನಾಥಪುರ ಇರುವ ಆ ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ತೆರೆದವು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ.

ಕೋಸ್ಬಾಡಿನ ಹೆಸರು ಬಂತು, ಆದರೆ ಅಲ್ಲಿನ ಪಾಠಕ್ಕೆ ಹಿಂದಿನ ಸಾಲಿನ ಜಾಗ ಸಿಕ್ಕಿತು. ಯೋಜನೆಯಲ್ಲಿದ್ದ ಕೆಲಸಗಳು ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಮತ್ತು 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಹಸಿದ ಮಗುವಿಗೆ ಮೊದಲು ಅನ್ನ ಎಂಬುದರಲ್ಲಿ ತಪ್ಪಿಲ್ಲ. ಆದರೆ ತೂಕ ಅಳೆದದ್ದಕ್ಕೆ ಲೆಕ್ಕ ಕೇಳುತ್ತಾರೆ, ಮೊಟ್ಟೆ ಹಂಚಿದ್ದಕ್ಕೆ ಲೆಕ್ಕ ಕೇಳುತ್ತಾರೆ. ಮಗುವಿಗೆ ಕಥೆ ಹೇಳಿದರೋ ಇಲ್ಲವೋ ಎಂದು ಯಾವ ರಿಜಿಸ್ಟರೂ ಅಷ್ಟು ಜೋರಾಗಿ ಕೇಳಲಿಲ್ಲ. ಟೀಚರ್ ಎಂದು ಊರೆಲ್ಲ ಕರೆಯುವ ಹೆಣ್ಣುಮಗಳನ್ನು ಸರ್ಕಾರ ಕಾರ್ಯಕರ್ತೆ ಎಂದಿತು, ಸಂಬಳ ಎನ್ನದೆ ಗೌರವಧನ ಎಂದಿತು. ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣದಲ್ಲಿ.

ಕಾನೂನಿನ ಕಥೆ ಇನ್ನೂ ವಿಚಿತ್ರ. ಸಂವಿಧಾನದ 45ನೇ ವಿಧಿ ಮೊದಲು ಹೇಳಿದ್ದು, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದು. ಎಷ್ಟನೇ ವಯಸ್ಸಿನಿಂದ ಎಂಬ ಮಿತಿ ಅದರಲ್ಲಿರಲಿಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು, ಎಲ್ಲರೂ ಸಂತೋಷಪಟ್ಟರು. ಆದರೆ ಹಕ್ಕು ಸಿಕ್ಕಿದ್ದು 6ರಿಂದ 14 ವರ್ಷದವರಿಗೆ. ಆರು ತುಂಬದ ಮಕ್ಕಳು ಹಕ್ಕಿನ ಬೇಲಿಯ ಹೊರಗೆ ಉಳಿದರು. ಅವರ ಪಾಲಿಗೆ 45ನೇ ವಿಧಿಯಲ್ಲಿ ಸರ್ಕಾರ ಪ್ರಯತ್ನಿಸಬೇಕು ಎಂಬ ಮಾತಷ್ಟೇ ಉಳಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಇವರನ್ನು ಮರೆಯಲಿಲ್ಲ. ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು ಎಂದಿತು. ಮಾಡಬೇಕು ಎನ್ನಲಿಲ್ಲ, ಮಾಡಬಹುದು. ಆ 'ಬಹುದು' ಎಂಬ ಮೂರಕ್ಷರದಲ್ಲಿ ಇಡೀ ಸಮಸ್ಯೆ ಇದೆ ಎಂದು ನಮಗೆ ಅನ್ನಿಸುತ್ತದೆ. 'ಬಹುದು' ಎಂದಿದ್ದನ್ನು ಮಾಡಿಲ್ಲ ಎಂದು ಯಾವ ತಾಯಿ ತಾನೇ ಕೋರ್ಟಿಗೆ ಹೋಗಲು ಸಾಧ್ಯ?

ಅದೇ ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ಶೇ 25 ಸೀಟುಗಳ ನಿಯಮವೂ ಇತ್ತು. ಎಲ್‌ಕೆಜಿ ಇರುವ ಶಾಲೆಯಲ್ಲಿ ಅದು ಎಲ್‌ಕೆಜಿಯಿಂದಲೇ ಅನ್ವಯ. ಹಾಗಾಗಿ ನಮ್ಮ ರಾಜ್ಯದಲ್ಲಿ ಸರ್ಕಾರ ಖಾಸಗಿ ಎಲ್‌ಕೆಜಿಗೆ ಫೀಸು ತುಂಬಿತು, ಆಗ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿಯೇ ಇರಲಿಲ್ಲ! ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲ ಎಂದು 2019ರಲ್ಲಿ ನಿಯಮ ಬದಲಾಯಿತು. ಅದೇ ವರ್ಷ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ಮಕ್ಕಳು ಅತ್ತ ಹೋದರೆ ನಮ್ಮ ಕೇಂದ್ರ ಮುಚ್ಚುತ್ತದೆ ಎಂಬ ಭಯ ಅಂಗನವಾಡಿಗಳಲ್ಲಿ ಹುಟ್ಟಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ ಎಂದಾಗ ಕಾರ್ಯಕರ್ತೆಯರು ಬೀದಿಗಿಳಿದರು. ಜುಲೈನಲ್ಲಿ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಶುರು ಮಾಡಿತು. ಮಾಂಟೆಸ್ಸರಿ ಬೇಡ, ಅಂಗಳ ಸಾಕು ಎಂದು ತಾರಾಬಾಯಿ ಹೊರಟ ದಾರಿಯಲ್ಲಿ ಅಂಗಳಕ್ಕೇ ಮಾಂಟೆಸ್ಸರಿ ಬೋರ್ಡು ಬಂತು. ಬೋರ್ಡು ನೋಡಿಯೇ ಮಗುವನ್ನು ಸೇರಿಸುವ ಕಾಲದಲ್ಲಿ ಸರ್ಕಾರವನ್ನು ಮಾತ್ರ ದೂರಿ ಏನು ಪ್ರಯೋಜನ ಎಂಬ ಮಾತನ್ನೂ ಒಪ್ಪುತ್ತೇವೆ.

ಈ ನಡುವೆ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂತು. 2025ರಲ್ಲಿ ಪೋಷಕರ ಒತ್ತಾಯಕ್ಕೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಎಂದು ಸಡಿಲಿಸಿದರು. ಮೊದಲೇ ಎಲ್‌ಕೆಜಿಗೆ ಸೇರಿ ಯುಕೆಜಿ ಮುಗಿಸಿದ್ದ ಮಕ್ಕಳ ಸಲುವಾಗಿ ಬಂದ ಒತ್ತಾಯ ಅದು. ಅಂಗನವಾಡಿಯಲ್ಲಿ ಕೂತ ಮಗುವಿಗಾಗಿ ಅಂಥ ಗದ್ದಲ ನಮ್ಮ ಕಿವಿಗೆ ಬೀಳಲಿಲ್ಲ.

2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕೊಡಬೇಕು ಎಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿದೆ: ಅಂಗನವಾಡಿಯಲ್ಲಿ ನಡೆಯುವ ಶಾಲಾಪೂರ್ವ ಶಿಕ್ಷಣ ಶಿಕ್ಷಣ ಹಕ್ಕು ಕಾಯ್ದೆಯ ಅದೇ 11ನೇ ಸೆಕ್ಷನ್ನಿನ ಕೆಲಸ. ಅಂದರೆ ಟೀಚರಮ್ಮ ಇಷ್ಟು ದಿನ ಮಾಡುತ್ತಿದ್ದದ್ದು ಕಾಯ್ದೆ ಹೇಳಿದ ಶಿಕ್ಷಣವನ್ನೇ. ಮುಂದಿನ ಗ್ರಾಮಸಭೆಯಲ್ಲಿ ಅಂಗನವಾಡಿಯ ವಿಷಯ ಬಂದಾಗ ಚಾವಣಿ ಸೋರುವುದನ್ನು, ಮೊಟ್ಟೆ ಬಾರದ್ದನ್ನು ಕೇಳುವವರು ಇದ್ದೇ ಇರುತ್ತಾರೆ. ಐದು ದಾಟಿದ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಪಾಠ ನಡೆಯುತ್ತದೆ, ಆ ಹೊತ್ತಿನಲ್ಲಿ ಟೀಚರಿಗೆ ಸರ್ವೆ, ಮೀಟಿಂಗು, ಮೊಬೈಲ್ ಎಂಟ್ರಿ ಎಂದು ಬೇರೆ ಕೆಲಸ ಹಚ್ಚುವವರು ಯಾರು ಎಂಬುದನ್ನೂ ಕೇಳಬಹುದು. ಇಲ್ಲಿಯ 'ಬಹುದು' ನಮ್ಮ ಕೈಯಲ್ಲೇ ಇದೆ.